ಅರವತ್ತರ ಹೊಸ್ತಿಲಲ್ಲಿ ಗುಡ್ಡದ ಸೈಕಲ್: ದೇಹ ಎಲ್ಲಿ ಬದಲಾಗುತ್ತದೆ, ಕೊಡಗಿನ ದಾರಿಗೆ ಹೇಗೆ ಹೊಂದಿಸಿಕೊಳ್ಳಬೇಕು

ಭಾನುವಾರ ಬೆಳಿಗ್ಗೆ ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ರಸ್ತೆಯಲ್ಲಿ ನಿಂತರೆ ಈಗೀಗ ಒಂದು ಹೊಸ ನೋಟ ಕಾಣುತ್ತದೆ. ದಪ್ಪ ಟಯರಿನ ಗೇರ್ ಸೈಕಲ್ ತುಳಿದುಕೊಂಡು ಬರುವವರು ಕಾಲೇಜು ಹುಡುಗರಷ್ಟೇ ಅಲ್ಲ, ಹೆಲ್ಮೆಟ್ಟಿನ ಅಂಚಿನಿಂದ ಬಿಳಿ ಕೂದಲು ಇಣುಕುವವರೂ ಇದ್ದಾರೆ. ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದವರು, ಬ್ಯಾಂಕಿನ ಕೆಲಸ ಮುಗಿಸಿ ತೋಟ ನೋಡಿಕೊಳ್ಳುತ್ತಿರುವವರು, ಮಗಳು ಬೆಂಗಳೂರಿನಿಂದ ತಂದು ಜಗುಲಿಯಲ್ಲಿ ನಿಲ್ಲಿಸಿಹೋದ ಸೈಕಲ್ಲನ್ನು ಏನು ಮಾಡುವುದೆಂದು ತಿಳಿಯದೆ ಒಂದು ದಿನ ಹತ್ತಿ ನೋಡಿದವರು. ನಾನೂ ಅವರಲ್ಲೊಬ್ಬ. ವಯಸ್ಸು 59.

ಸಂತೆಯಲ್ಲಿ ಸಿಕ್ಕವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಮಂಡಿ ಸವೆಯುವುದಿಲ್ಲವೇ? ಎದೆ ತಡೆಯುತ್ತದೆಯೇ? ಬಿದ್ದು ಮೂಳೆ ಮುರಿದರೆ? ಆನೆ ಎದುರಾದರೆ? ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಒಂದೊಂದಕ್ಕೂ ಸಮಾಧಾನವಾಗಿ ಉತ್ತರ ಕೊಡುವ ಪ್ರಯತ್ನ ಇದು. ಸೈಕಲ್ಲಿನ ಬಗ್ಗೆ ಏನೂ ಗೊತ್ತಿಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಮೌಂಟನ್ ಬೈಕ್ ಎಂದರೆ ಯಾವುದು?

ಮೊದಲು ಹೆಸರಿನ ಗೊಂದಲ. ನಮ್ಮಲ್ಲಿ ಬೈಕ್ ಎಂದರೆ ಮೋಟಾರ್ ಬೈಕ್. ಮೌಂಟನ್ ಬೈಕ್ ಎಂದಾಗ ಮಡಿಕೇರಿ ಬಳಿಯ ಮಾಂದಲಪಟ್ಟಿ ಗುಡ್ಡಕ್ಕೆ ಬುಲೆಟ್ ಏರಿಸಿಕೊಂಡು ಹೋಗುವುದು ಎಂದುಕೊಳ್ಳುವವರಿದ್ದಾರೆ. ಇಲ್ಲಿ ಹೇಳುತ್ತಿರುವುದು ತುಳಿಯುವ ಸೈಕಲ್ಲಿನ ವಿಷಯ. ಡಾಂಬರು ಮುಗಿದಲ್ಲಿಂದ ಆಚೆ ಹೋಗಲು ಮಾಡಿದ ಸೈಕಲ್ ಇದು: ಅಗಲವಾದ ಹಲ್ಲುಹಲ್ಲಿನ ಟಯರು, ಮುಂದಿನ ಫೋರ್ಕಿನಲ್ಲಿ ಷಾಕ್ ಅಬ್ಸಾರ್ಬರ್, ಡಿಸ್ಕ್ ಬ್ರೇಕ್, ಕಡಿದಾದ ಏರಿಗೂ ಒಗ್ಗುವ ಗೇರು. ಹಿಂದೆಯೂ ಷಾಕ್ ಇದ್ದರೆ ಅದನ್ನು ಫುಲ್ ಸಸ್ಪೆನ್ಷನ್ ಎನ್ನುತ್ತಾರೆ, ಮುಂದೆ ಮಾತ್ರ ಇದ್ದರೆ ಹಾರ್ಡ್‌ಟೇಲ್. ತೋಟದ ರಸ್ತೆಗೆ ಒಳ್ಳೆಯ ಹಾರ್ಡ್‌ಟೇಲ್ ಸಾಕು. ಬೆನ್ನಿನ ಕೆಳಭಾಗದಲ್ಲಿ ಮೊದಲೇ ನೋವಿರುವವರಿಗೆ ಮಾತ್ರ ಫುಲ್ ಸಸ್ಪೆನ್ಷನ್ನಿನ ಹೆಚ್ಚಿನ ಖರ್ಚು ಸಾರ್ಥಕ ಎಂದು ನನ್ನ ಅಭಿಪ್ರಾಯ.

ಈ ಆಟ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1970ರ ದಶಕದಲ್ಲಿ. ಟಮಾಲ್ಪಾಯಿಸ್ ಬೆಟ್ಟದ ಸುತ್ತ ಕೆಲವು ಯುವಕರು ಹಳೆಯ ದಪ್ಪ ಟಯರಿನ ಸೈಕಲ್ ಹಿಡಿದು ಮಣ್ಣಿನ ಇಳಿಜಾರಿನಲ್ಲಿ ಪಂದ್ಯ ಕಟ್ಟುತ್ತಿದ್ದರು. 1976ರಲ್ಲಿ ಶುರುವಾದ ಆ ಪಂದ್ಯಕ್ಕೆ ‘ರಿಪ್ಯಾಕ್’ ಎಂದು ಹೆಸರು. ಕಾರಣ ಸ್ವಾರಸ್ಯಕರ. ಆ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂಚಕ್ರದ ಹಬ್ಬಿನೊಳಗೆ ಬ್ರೇಕ್ ಹಿಡಿಯುತ್ತಿತ್ತು. ಒಂದು ಸಲ ಇಳಿದರೆ ಹಬ್ಬಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು, ಪ್ರತಿ ಸಲವೂ ಹೊಸದಾಗಿ ಗ್ರೀಸು ತುಂಬಬೇಕಿತ್ತು. ಅದೇ ರಿಪ್ಯಾಕ್. 1977ರಲ್ಲಿ ಜೋ ಬ್ರೀಜ್ ಈ ಕೆಲಸಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಈ ಆಟ ಬಂದೂ ಆಯಿತು. ಅಂದು ಇಳಿಜಾರಿನಲ್ಲಿ ಹಾರಿದ ಹುಡುಗರ ತಲೆಮಾರಿಗೆ ಈಗ ಎಪ್ಪತ್ತು ದಾಟಿದೆ. ಹಾಗಾಗಿ ವಯಸ್ಸಾದವರ ಮೌಂಟನ್ ಬೈಕಿಂಗ್ ಎಂಬುದು ಜಗತ್ತಿಗೇ ಈಚಿನ ವಿಷಯ. ಇದನ್ನು ಆಡುತ್ತಲೇ ಮುದುಕರಾದ ಮೊದಲ ಪೀಳಿಗೆ ಅದು.

ವಯಸ್ಸು ಎಲ್ಲವನ್ನೂ ಒಟ್ಟಿಗೆ ಒಯ್ಯುವುದಿಲ್ಲ

ಕೊಡಗಿನಲ್ಲಿ ಇದನ್ನು ಹಾಕಿ ಮೈದಾನದ ಉದಾಹರಣೆಯಿಂದ ಹೇಳಿದರೆ ಬೇಗ ತಿಳಿಯುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡಿದ್ದನ್ನು ನೋಡಿದ್ದೇವೆ. ಇಪ್ಪತ್ತರಲ್ಲಿ ಫಾರ್ವರ್ಡ್ ಆಗಿ ಚೆಂಡಿನ ಹಿಂದೆ ಚಿಗರೆಯಂತೆ ಓಡಿದವರು ಐವತ್ತರಲ್ಲಿ ಹಿಂದೆ ಸರಿದು ಬ್ಯಾಕ್ ಆಡುತ್ತಾರೆ. ಓಟ ಕಮ್ಮಿಯಾಗಿದೆ, ಆದರೆ ಚೆಂಡು ಎಲ್ಲಿಗೆ ಬರುತ್ತದೆ ಎಂದು ಮೊದಲೇ ಓದುವ ಕಣ್ಣು ಇದೆ. ಆಟ ಬಿಟ್ಟಿಲ್ಲ, ಜಾಗ ಬದಲಿಸಿದ್ದಾರೆ. ಗುಡ್ಡದ ಸೈಕಲ್ಲಿಗೂ ಇದೇ ಮಾತು. ದೇಹದಿಂದ ಯಾವುದು ಮೊದಲು ಹೋಗುತ್ತದೆ, ಯಾವುದು ಕೊನೆತನಕ ಉಳಿಯುತ್ತದೆ ಎಂದು ತಿಳಿದರೆ, ಉಳಿಯುವುದರ ಮೇಲೆ ಭಾರ ಹಾಕಿ ತುಳಿಯಬಹುದು.

ಮೊದಲು ಹೋಗುವುದು ಥಟ್ಟನೆ ಸಿಡಿಯುವ ಬಲ. ನಮ್ಮ ಸ್ನಾಯುಗಳಲ್ಲಿ ಎರಡು ಬಗೆಯ ಎಳೆಗಳಿವೆ. ಒಂದು ಗಂಟೆಗಟ್ಟಲೆ ನಿಧಾನವಾಗಿ ದುಡಿಯುವಂಥದ್ದು, ಇನ್ನೊಂದು ಕ್ಷಣಕಾಲ ಜೋರು ಬಲ ಕೊಟ್ಟು ಸುಸ್ತಾಗುವಂಥದ್ದು. ವಯಸ್ಸಾದಂತೆ ಹೆಚ್ಚಾಗಿ ಸೊರಗುವುದು ಎರಡನೆಯದು. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸ್ನಾಯುವಿನ ಗಾತ್ರ ಸುಮಾರು ಶೇ. 3ರಿಂದ 8ರಷ್ಟು ಇಳಿಯುತ್ತದೆ. ಅರವತ್ತರ ನಂತರ ಈ ಇಳಿಕೆ ಇನ್ನಷ್ಟು ಚುರುಕು. ಹಾಗಾಗಿಯೇ ಕಡಿದಾದ ನಾಲ್ಕು ಮಾರು ದಾರಿಯನ್ನು ಒಂದೇ ಉಸಿರಿಗೆ ನುಗ್ಗಿ ಹತ್ತುವುದು ಕಷ್ಟವಾಗುತ್ತದೆ, ಅದೇ ಎರಡು ಗಂಟೆ ಸಮನಾಗಿ ತುಳಿಯುವುದು ಅಷ್ಟು ಕಷ್ಟವೆನಿಸುವುದಿಲ್ಲ.

ಎದೆಯ ವಿಷಯಕ್ಕೆ ಬರೋಣ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ಪಂಪು, ಪೈಪು, ಜೆಟ್ಟು ಮೂರರ ಲೆಕ್ಕ ಗೊತ್ತು. ಹೃದಯ ಪಂಪು, ರಕ್ತನಾಳ ಪೈಪು, ಸ್ನಾಯು ಜೆಟ್ಟು. ನೀರಿನ ಬದಲು ಇಲ್ಲಿ ಹರಿಯುವುದು ಆಮ್ಲಜನಕ. ದೇಹ ತನ್ನ ಪೂರ್ತಿ ಶಕ್ತಿಯಲ್ಲಿ ದುಡಿಯುವಾಗ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆಯನ್ನು ವಿಒ2 ಮ್ಯಾಕ್ಸ್ ಎನ್ನುತ್ತಾರೆ. ವ್ಯಾಯಾಮವಿಲ್ಲದವರಲ್ಲಿ ಇದು ಹತ್ತು ವರ್ಷಕ್ಕೆ ಸುಮಾರು ಶೇ. 10ರಂತೆ ಇಳಿಯುತ್ತದೆ. ಬಿಡದೆ ಅಭ್ಯಾಸ ಮಾಡುವವರಲ್ಲಿ ಇಳಿಕೆ ಇದರ ಅರ್ಧದಷ್ಟು. ಪಂಪಿನ ಗರಿಷ್ಠ ವೇಗ, ಎಂದರೆ ನಿಮಿಷಕ್ಕೆ ಎಷ್ಟು ಸಲ ಎದೆ ಬಡಿಯಬಲ್ಲದು ಎಂಬುದು, ಯಾರು ಏನು ಮಾಡಿದರೂ ವಯಸ್ಸಿನೊಂದಿಗೆ ಇಳಿದೇ ಇಳಿಯುತ್ತದೆ. ಆದರೆ ಪೈಪು, ಜೆಟ್ಟುಗಳನ್ನು ಚೆನ್ನಾಗಿಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ, ಅದೂ ಯಾವ ವಯಸ್ಸಿನಲ್ಲಾದರೂ.

ಯಾವ ವಯಸ್ಸಿನಲ್ಲಾದರೂ ಎಂದಿದ್ದು ಉತ್ಪ್ರೇಕ್ಷೆಯಲ್ಲ. ಫ್ರಾನ್ಸಿನ ರೊಬೇರ್ ಮಾರ್ಶಾನ್ 2012ರಲ್ಲಿ, ತಮ್ಮ ನೂರನೇ ವಯಸ್ಸಿನಲ್ಲಿ, ಟ್ರ್ಯಾಕಿನ ಮೇಲೆ ಒಂದು ಗಂಟೆಯಲ್ಲಿ 24.25 ಕಿಲೋಮೀಟರ್ ಸೈಕಲ್ ತುಳಿದರು. ಎರಡು ವರ್ಷ ಕ್ರಮವಾಗಿ ಅಭ್ಯಾಸ ಮಾಡಿ 2014ರಲ್ಲಿ ಅದನ್ನು 26.927 ಕಿಲೋಮೀಟರಿಗೆ ಏರಿಸಿದರು. ಅವರನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಕಂಡದ್ದು, ನೂರು ದಾಟಿದ ಮೇಲೂ ವಿಒ2 ಮ್ಯಾಕ್ಸ್ ಶೇ. 13ರಷ್ಟು ಹೆಚ್ಚಿದ್ದು. ಅವರು ತೀರಿಕೊಂಡದ್ದು 2021ರಲ್ಲಿ, 109ನೇ ವಯಸ್ಸಿನಲ್ಲಿ. ಅವರದು ಎಲ್ಲರಿಗೂ ದಕ್ಕುವ ದೇಹವಲ್ಲ, ನಿಜ. ಆದರೆ ಅಭ್ಯಾಸಕ್ಕೆ ದೇಹ ಓಗೊಡುವುದು ಇಂಥ ವಯಸ್ಸಿಗೆ ನಿಂತೇಹೋಗುತ್ತದೆ ಎಂಬ ನಂಬಿಕೆ ಸರಿಯಲ್ಲ ಎಂಬುದಕ್ಕೆ ಇದು ಸಾಕು.

ಬಿಸಿಲಿನಿಂದ ನೆರಳಿಗೆ

ಮಂಡಿ, ಎದೆ ಎರಡರ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಣ್ಣಿನ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ತೋಟದ ದಾರಿಗಳಲ್ಲಿ ವಯಸ್ಸಾದವರನ್ನು ಬೀಳಿಸುವುದರಲ್ಲಿ ಕಣ್ಣಿನ ಪಾತ್ರ ದೊಡ್ಡದು, ಅದನ್ನು ನಾನು ಬಿದ್ದೇ ಕಲಿತೆ.

ನಾಲ್ಕು ವರ್ಷದ ಹಿಂದಿನ ಜನವರಿ, ಬೆಳಗಿನ ಹತ್ತು ಗಂಟೆ. ಕಾಫಿ ಒಣಗಿಸುವ ಕಣದ ಪಕ್ಕದ ದಾರಿ, ಮೇಲೆ ಸುಡುಬಿಸಿಲು. ಅಲ್ಲಿಂದ ತಿರುವು ತೆಗೆದುಕೊಂಡರೆ ನೇರ ಸಿಲ್ವರ್ ಓಕ್ ಮರಗಳ ಕೆಳಗಿನ ನೆರಳು. ವೇಗವೇನೂ ಇರಲಿಲ್ಲ. ತಿರುವು ದಾಟಿದ ಎರಡನೇ ಕ್ಷಣಕ್ಕೆ ಮುಂದಿನ ಚಕ್ರ ಏನಕ್ಕೋ ಅಡ್ಡವಾಗಿ ಜಾರಿತು, ಎಡಗೈ ಊರಿ ಬಿದ್ದೆ. ದಾರಿಗಡ್ಡ ಹಲಸಿನ ಮರದ ಬೇರು, ತೋಳಿನಷ್ಟು ದಪ್ಪ, ಇಬ್ಬನಿಗೆ ಒದ್ದೆಯಾಗಿ ಹೊಳೆಯುತ್ತಿತ್ತು. ಎದ್ದು ಕೂತು ನೋಡಿದಾಗ ಅಷ್ಟು ಸ್ಪಷ್ಟವಾಗಿ ಕಾಣುವ ಬೇರು, ಬೀಳುವ ಮೊದಲು ನನ್ನ ಪಾಲಿಗೆ ಇರಲೇ ಇಲ್ಲ. ರೊಬಸ್ಟಾ ಕೊಯ್ಯುತ್ತಿದ್ದ ಹೆಂಗಸೊಬ್ಬರು ಚೀಲ ಇಳಿಸಿ ಓಡಿಬಂದರು. “ಬಿದ್ಬಿಟ್ರಾ ಅಣ್ಣಾ? ಬಿಸಿಲಿಂದ ಒಳಗೆ ಬರುವಾಗ ಕಣ್ಣು ಕತ್ತಲೆ ಆಗ್ತದೆ. ನಾವು ಚೀಲ ಹೊತ್ಕೊಂಡು ಬರುವಾಗ ಒಂದು ಗಳಿಗೆ ಇಲ್ಲಿ ನಿಂತ್ಕೊಂಡೇ ಹೋಗೋದು” ಎಂದರು. ಮೂರು ವಾರ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಕೂತಾಗ ಆ ಮಾತಿನ ಹಿಂದಿನ ಕಾರಣ ಹುಡುಕಿ ಓದಿದೆ.

ಬೆಳಕು ಕಡಿಮೆಯಾದಾಗ ಕಣ್ಣಿನ ಪಾಪೆ ಅಗಲವಾಗಿ ಹೆಚ್ಚು ಬೆಳಕನ್ನು ಒಳಬಿಡಬೇಕು. ವಯಸ್ಸಾದಂತೆ ಪಾಪೆ ಮೊದಲಿನಷ್ಟು ಅಗಲವಾಗುವುದಿಲ್ಲ. ಜೊತೆಗೆ ಕಣ್ಣಿನೊಳಗಿನ ಮಸೂರ ಹಳದಿಗಟ್ಟಿ ಮಂದವಾಗುತ್ತದೆ. ಇಪ್ಪತ್ತರ ಯುವಕನ ಕಣ್ಣಿನ ಪರದೆಗೆ ಮುಟ್ಟುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತರವರ ಪರದೆಗೆ ಮುಟ್ಟುತ್ತದೆ. ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಹಿಡಿಯುವ ಹೊತ್ತೂ ಹೆಚ್ಚು. ಬಯಲುಸೀಮೆಯ ದಾರಿಯಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ಕಾಫಿ ತೋಟದಲ್ಲಿ ಇಪ್ಪತ್ತು ಅಡಿಗೊಮ್ಮೆ ಬಿಸಿಲು, ನೆರಳು ಬದಲಾಗುತ್ತದೆ. ಕಣ್ಣು ಒಂದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಇನ್ನೊಂದು ಎದುರಿರುತ್ತದೆ.

ಇದಕ್ಕೆ ಮಾಡಬಹುದಾದದ್ದು ಹಲವು, ಎಲ್ಲವೂ ಸುಲಭ. ನೆರಳು ಹೊಗುವ ಮುಂಚೆ ಬ್ರೇಕ್ ಹಿಡಿದು ವೇಗ ಇಳಿಸುವುದು, ತಿರುವಿನೊಳಗೆ ಹೋಗಿ ಹಿಡಿಯುವುದಲ್ಲ. ಕಪ್ಪು ಕನ್ನಡಕ ಬಿಟ್ಟು ಬಿಳಿ ಅಥವಾ ತೆಳು ಹಳದಿ ಗಾಜು ಹಾಕಿಕೊಳ್ಳುವುದು. ಬಿಸಿಲಿಗೆ ತಾನಾಗಿ ಕಪ್ಪಾಗುವ ಗಾಜು ನೆರಳಿನಲ್ಲಿ ತಿಳಿಯಾಗಲು ನಿಮಿಷಗಳೇ ಬೇಕು, ಹಾಗಾಗಿ ಅದು ತೋಟದ ದಾರಿಗೆ ಹೇಳಿದ್ದಲ್ಲ. ಇನ್ನೊಂದು ಗಮನಿಸಬೇಕಾದ ಸಂಗತಿ ಓದುವ ಭಾಗ ಕೆಳಗಿರುವ ಕನ್ನಡಕ, ಬೈಫೋಕಲ್ ಆಗಲಿ ಪ್ರೋಗ್ರೆಸಿವ್ ಆಗಲಿ. ಸೈಕಲ್ ಮೇಲೆ ಕೂತು ಚಕ್ರದ ಮುಂದಿನ ನೆಲ ನೋಡುವಾಗ ನಾವು ನೋಡುವುದು ಗಾಜಿನ ಕೆಳಭಾಗದಿಂದ. ಆ ಭಾಗ ಪುಸ್ತಕದ ದೂರಕ್ಕೆ ಮಾಡಿದ್ದು, ನೆಲ ಅದರಲ್ಲಿ ಕಲಸಿಹೋಗುತ್ತದೆ. ದೂರದ ನಂಬರು ಮಾತ್ರ ಇರುವ ಒಂದು ಕನ್ನಡಕವನ್ನು ಸೈಕಲ್ಲಿಗೆಂದೇ ಮಾಡಿಸಿಕೊಳ್ಳುವುದು ನಾನು ಈ ಹವ್ಯಾಸಕ್ಕೆ ಮಾಡಿದ ಖರ್ಚುಗಳಲ್ಲೆಲ್ಲ ಹೆಚ್ಚು ಉಪಯೋಗಕ್ಕೆ ಬಂದದ್ದು.

ಕಣ್ಣು ಕಂಡದ್ದನ್ನು ಕೈಗೆ ಮುಟ್ಟಿಸುವ ಹೊತ್ತೂ ವಯಸ್ಸಿನೊಂದಿಗೆ ಅಷ್ಟಿಷ್ಟು ಉದ್ದವಾಗುತ್ತದೆ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 5 ಮೀಟರ್ ಸಾಗುತ್ತೇವೆ. ಬ್ರೇಕ್ ಹಿಡಿಯುವುದು ಸೆಕೆಂಡಿನ ಐದನೇ ಒಂದು ಭಾಗ ತಡವಾದರೂ ಒಂದು ಮೀಟರ್ ಮುಂದೆ ಹೋಗಿರುತ್ತೇವೆ. ಅದಕ್ಕೇ ಅನುಭವಿಗಳು ಚಕ್ರದ ಬುಡ ನೋಡದೆ ಹತ್ತು ಹದಿನೈದು ಮೀಟರ್ ಆಚೆಗೆ ಕಣ್ಣು ನೆಡುತ್ತಾರೆ.

ಮಂಡಿ ಮತ್ತು ಗೇರಿನ ಲೆಕ್ಕ

ಮಂಡಿಗೆ ಸೈಕಲ್ ಶತ್ರುವಲ್ಲ. ಸಮತಟ್ಟು ನೆಲದಲ್ಲಿ ನಡೆಯುವಾಗ ಮಂಡಿಯ ಕೀಲಿನ ಮೇಲೆ ಬೀಳುವ ಭಾರ ನಮ್ಮ ತೂಕದ ಎರಡೂವರೆ ಪಟ್ಟಿನ ಆಸುಪಾಸು, ಮೆಟ್ಟಿಲು ಇಳಿಯುವಾಗ ಮೂರು ಪಟ್ಟನ್ನೂ ಮೀರುತ್ತದೆ. ಹಗುರವಾಗಿ ಸೈಕಲ್ ತುಳಿಯುವಾಗ ಅದು ಸುಮಾರು ನಮ್ಮ ತೂಕದಷ್ಟೇ. ಸೀಟು ನಮ್ಮನ್ನು ಹೊತ್ತುಕೊಂಡಿರುವುದೇ ಇದಕ್ಕೆ ಕಾರಣ. ಮಂಡಿ ಸವೆತ ಇರುವ ಎಷ್ಟೋ ಜನರಿಗೆ ವೈದ್ಯರೇ ಸೈಕಲ್ ತುಳಿಯಲು ಹೇಳುವುದು ಈ ಕಾರಣಕ್ಕೆ. ಆದರೆ ‘ಹಗುರವಾಗಿ’ ಎಂಬ ಮಾತು ಇಲ್ಲಿ ಮುಖ್ಯ, ಅದನ್ನು ತೀರ್ಮಾನಿಸುವುದು ಗೇರು.

ನಮ್ಮ ಅಪ್ಪಂದಿರ ಕಾಲದ ಕಪ್ಪು ಸೈಕಲ್ ನೆನಪಿಸಿಕೊಳ್ಳಿ. ಪೆಡಲಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಎಂದಿಟ್ಟುಕೊಂಡರೆ ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಚಕ್ರ ಹತ್ತಿರ ಹತ್ತಿರ ಎರಡೂವರೆ ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ ಐದು ಮೀಟರಿಗೂ ಹೆಚ್ಚು ದೂರ. ಗಾಳಿಬೀಡಿನ ಏರಿನಲ್ಲಿ ಹೀಗೆ ತುಳಿಯುವುದೆಂದರೆ ಮೂರು ಮೆಟ್ಟಿಲನ್ನು ಒಂದೇ ಹೆಜ್ಜೆಗೆ ಹತ್ತಿದಂತೆ. ಈಗಿನ ಗುಡ್ಡದ ಸೈಕಲ್ಲುಗಳಲ್ಲಿ ಮುಂದೆ 32 ಹಲ್ಲು, ಹಿಂದಿನ ಅತಿ ದೊಡ್ಡ ಪಲ್ಲೆಗೆ (ಚೈನು ಕೂರುವ ಹಲ್ಲುಚಕ್ರಕ್ಕೆ) 51 ಹಲ್ಲು ಇರುವುದುಂಟು. ಅಲ್ಲಿ ಪೆಡಲ್ ಒಂದು ಸುತ್ತಿಗೆ ಚಕ್ರ ಮುಕ್ಕಾಲು ಸುತ್ತೂ ತಿರುಗುವುದಿಲ್ಲ, ಸಾಗುವ ದೂರ ಒಂದೂವರೆ ಮೀಟರಿಗೂ ಕಡಿಮೆ. ಮೆಟ್ಟಿಲು ಹತ್ತುವುದು ಹೋಗಿ ಗಾಲಿಕುರ್ಚಿಯ ಇಳಿಜಾರು ಹತ್ತಿದಂತೆ. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೂ ವೇಗ ಗಂಟೆಗೆ 5 ಕಿಲೋಮೀಟರ್, ನಡಿಗೆಯಷ್ಟೇ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಒಟ್ಟು ಕೆಲಸ ಅಷ್ಟೇ ಇರುತ್ತದೆ, ಅದು ಹೆಚ್ಚು ಸುತ್ತುಗಳಿಗೆ ಹಂಚಿಹೋಗಿ ಒಂದೊಂದು ಸುತ್ತಿನ ಭಾರ ಮಂಡಿಗೆ ತಿಳಿಯದಷ್ಟು ಹಗುರವಾಗುತ್ತದೆ.

ಹಾಗಾಗಿ ಸೈಕಲ್ ಕೊಳ್ಳುವಾಗ ಬಣ್ಣ, ಬ್ರ್ಯಾಂಡು ನೋಡುವ ಮೊದಲು ಹಿಂದಿನ ದೊಡ್ಡ ಪಲ್ಲೆಗೆ ಎಷ್ಟು ಹಲ್ಲು ಎಂದು ಕೇಳಿ. ಏರಿಗೆ ಬಂದ ಮೇಲೆ ಗೇರು ಬದಲಿಸಲು ಹೋಗಬೇಡಿ. ಬುಡದಲ್ಲೇ ಬದಲಿಸಿ, ಇಲ್ಲದಿದ್ದರೆ ಭಾರ ಬಿದ್ದ ಚೈನು ಕಟಕಟ ಎನ್ನುತ್ತದೆ, ಕೆಲವು ಸಲ ತುಂಡೂ ಆಗುತ್ತದೆ.

ಸೀಟಿನ ಎತ್ತರಕ್ಕೆ ಹಳೆಯ ಉಪಾಯವೇ ಚೆನ್ನ. ಸೀಟಿನ ಮೇಲೆ ಕೂತು, ಪೆಡಲ್ ಅತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದಾಗ ಮಂಡಿ ಸ್ವಲ್ಪ ಮಡಿದಿರುತ್ತದೆ, ಅದು ಸರಿಯಾದ ಅಳತೆ. ಸೀಟು ತಗ್ಗಾದರೆ ಮಂಡಿಚಿಪ್ಪಿನ ಮುಂದೆ ನೋವು, ಎತ್ತರವಾದರೆ ಮಂಡಿಯ ಹಿಂದೆ. ನಮ್ಮೂರುಗಳಲ್ಲಿ ಹೆಚ್ಚಿನವರು ಕಾಲು ನೆಲಕ್ಕೆ ಸಿಗಲೆಂದು ಸೀಟನ್ನು ತೀರಾ ತಗ್ಗಿಸಿ ತುಳಿಯುತ್ತಾರೆ, ಆಮೇಲೆ ಮಂಡಿಯನ್ನು ದೂರುತ್ತಾರೆ.

ಇಳಿಜಾರಿನಲ್ಲಿ ನಿಲ್ಲುವ ಭಂಗಿ

ಮಾಂದಲಪಟ್ಟಿಗೆ ಜೀಪಿನ ಹಿಂದೆ ನಿಂತುಕೊಂಡು ಹೋದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮಂಡಿ ಬಿಗಿಹಿಡಿದು ನಿಂತರೆ ಒಂದೊಂದು ಗುಂಡಿಯೂ ತಲೆಗೆ ಹೊಡೆಯುತ್ತದೆ, ಮಂಡಿ ಸಡಿಲ ಬಿಟ್ಟರೆ ಜೀಪು ಕುಣಿಯುತ್ತದೆ, ನಾವು ಕುಣಿಯುವುದಿಲ್ಲ. ಸೈಕಲ್ಲಿನಲ್ಲೂ ಇಳಿಯುವಾಗ ಸೀಟಿನ ಮೇಲೆ ಕೂರಬಾರದು. ಎರಡೂ ಪೆಡಲ್ ನೆಲಕ್ಕೆ ಸಮನಾಗಿಟ್ಟು ಅವುಗಳ ಮೇಲೆ ನಿಂತು, ಮಂಡಿ, ಮೊಣಕೈ ಮಡಿಸಿ, ಸೊಂಟ ಸ್ವಲ್ಪ ಹಿಂದೆ ಸರಿಸಿ, ದೃಷ್ಟಿ ದೂರಕ್ಕೆ. ತೊಡೆಯ ಸ್ನಾಯು ಸೊರಗಿದವರಿಗೆ ಹೀಗೆ ಐದು ನಿಮಿಷ ನಿಲ್ಲುವುದೇ ಕಷ್ಟ, ಅದಕ್ಕೆ ಮನೆಯಲ್ಲೇ ತಯಾರಿ ಮಾಡಿಕೊಳ್ಳಬಹುದು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಕೂರುವುದು. ಹಲ್ಲುಜ್ಜುವಾಗ ಒಂದು ಕಾಲಿನ ಮೇಲೆ ನಿಲ್ಲುವುದು. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಇಳಿಯುವಾಗ ನೆರವಾಗುವ ಒಂದು ಸಾಧನ ಡ್ರಾಪರ್ ಪೋಸ್ಟ್. ಹ್ಯಾಂಡಲ್ಲಿನ ಗುಂಡಿ ಒತ್ತಿ ಕೂತರೆ ಸೀಟು ಕೆಳಗಿಳಿಯುತ್ತದೆ, ಎದ್ದು ಮತ್ತೆ ಒತ್ತಿದರೆ ಮೇಲೆ ಬರುತ್ತದೆ. ಕಚೇರಿಯ ಕುರ್ಚಿಯಂತೆಯೇ. ಸೀಟು ತಗ್ಗಿದರೆ ದೇಹದ ಭಾರ ನೆಲಕ್ಕೆ ಹತ್ತಿರವಾಗುತ್ತದೆ, ತಲೆಕೆಳಗಾಗಿ ಬೀಳುವ ಭಯ ಕಡಿಮೆ. ಸೊಂಟ ಗಟ್ಟಿಯಾದವರಿಗೆ ಕಾಲು ಎತ್ತಿ ಹತ್ತುವುದೂ ಸುಲಭ. ಟಯರಿನ ಗಾಳಿಯೂ ಗಮನಿಸಬೇಕಾದದ್ದು. ಕಲ್ಲಿನಂತೆ ಗಾಳಿ ತುಂಬಿಸಿಕೊಂಡು ಹೋಗುವ ಅಭ್ಯಾಸ ಮಣ್ಣಿನ ದಾರಿಗೆ ಒಗ್ಗುವುದಿಲ್ಲ. ಅಗಲ ಟಯರಿಗೆ ಸವಾರರ ತೂಕ ನೋಡಿ 22ರಿಂದ 28 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದರೆ ಟಯರು ಬೇರು ಕಲ್ಲುಗಳ ಮೇಲೆ ಅಪ್ಪಿಕೊಂಡು ಸಾಗುತ್ತದೆ. ಟ್ಯೂಬ್ ಇರುವ ಟಯರಿಗೆ ಇದಕ್ಕಿಂತ ತುಸು ಹೆಚ್ಚು ಬೇಕು.

ತುಳಿದುಕೊಂಡು ಇಳಿಯಲು ಧೈರ್ಯ ಬಾರದ ಕಡೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುವುದು.

ಎಂಟು ಆಳಿನ ಕೊಯ್ಲು

ಒಂದು ಕಾಲಕ್ಕೆ ಇಪ್ಪತ್ತು ಆಳು ಸೇರಿ ನಾಲ್ಕು ದಿನಕ್ಕೆ ಮುಗಿಸುತ್ತಿದ್ದ ಕೊಯ್ಲನ್ನು ಈಗ ಎಂಟು ಆಳಿನಲ್ಲಿ ಹತ್ತು ದಿನ ಮಾಡಬೇಕಾಗಿದೆ ಎಂಬುದು ಕೊಡಗಿನ ಎಲ್ಲ ಬೆಳೆಗಾರರ ಮಾತು. ಕೆಲಸ ನಡೆಯುತ್ತದೆ, ಹೊತ್ತು ಹೆಚ್ಚು ಬೇಕು. ದೇಹದ ದುರಸ್ತಿಯೂ ಹೀಗೆಯೇ. ಜೋರಾಗಿ ತುಳಿದಾಗ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಸೀಳುಗಳಾಗುತ್ತವೆ. ಅವು ಕೂಡಿಕೊಳ್ಳುವಾಗ ಸ್ನಾಯು ಬಲಿಯುತ್ತದೆ. ಬಲ ಬರುವುದು ತುಳಿಯುವಾಗಲ್ಲ, ತುಳಿದ ಮೇಲಿನ ವಿಶ್ರಾಂತಿಯಲ್ಲಿ. ಇಪ್ಪತ್ತೈದರಲ್ಲಿ ಒಂದು ರಾತ್ರಿಗೆ ಆಗುತ್ತಿದ್ದ ದುರಸ್ತಿಗೆ ಅರವತ್ತರಲ್ಲಿ ಎರಡು ದಿನ ಬೇಕಾಗಬಹುದು. ಭಾನುವಾರ ಗುಡ್ಡ ಹತ್ತಿ ಸೋಮವಾರವೂ ಹತ್ತಿದರೆ ಅರ್ಧ ಕಟ್ಟಿದ ಗೋಡೆಯನ್ನು ಕೆಡವಿದಂತೆ. ಮಧ್ಯದ ದಿನಗಳಲ್ಲಿ ಸುಮ್ಮನೆ ಕೂರಬೇಕೆಂದಿಲ್ಲ, ಸಮತಟ್ಟು ದಾರಿಯಲ್ಲಿ ಅರ್ಧ ಗಂಟೆ ಹಗುರವಾಗಿ ತುಳಿದರೆ ಅಥವಾ ನಡೆದರೆ ಒಳ್ಳೆಯದೇ.

ದುರಸ್ತಿಗೆ ಸಾಮಗ್ರಿಯೂ ಬೇಕು. ವಯಸ್ಸಾದವರು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ತಿನ್ನಬೇಕೆಂದು ಪೌಷ್ಟಿಕ ತಜ್ಞರು ಹೇಳುತ್ತಾರೆ; 65 ಕಿಲೋ ತೂಗುವವರಿಗೆ 65ರಿಂದ 78 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ತಿನ್ನಬೇಕು. ಅಕ್ಕಿರೊಟ್ಟಿ, ಕಡಂಬಿಟ್ಟು ತಿಂದು ಹೊಟ್ಟೆ ತುಂಬಿಸಿಕೊಂಡರೆ ಶಕ್ತಿ ಸಿಗುತ್ತದೆ, ದುರಸ್ತಿಯ ಸಾಮಗ್ರಿ ಸಾಲದು. ಜೊತೆಗೆ ಮೊಟ್ಟೆಯೋ ಮಾಂಸವೋ ಕಾಳಿನ ಸಾರೋ ಮೊಸರೋ, ಮೂರು ಹೊತ್ತಿಗೂ ಹಂಚಿ ಇರಬೇಕು.

ಮೂಳೆಯ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಸೈಕಲ್ ಎದೆಗೂ ಸ್ನಾಯುವಿಗೂ ಒಳ್ಳೆಯದು, ಮೂಳೆ ಗಟ್ಟಿಯಾಗಲು ಅದೊಂದೇ ಸಾಲದು. ಮೂಳೆ ಬಲಿಯುವುದು ಅದರ ಮೇಲೆ ಭಾರ ಬಿದ್ದಾಗ, ಮಂಡಿಯನ್ನು ಉಳಿಸುವ ಸೀಟು ಮೂಳೆಗೆ ಆ ಭಾರ ಸಿಗದಂತೆಯೂ ಮಾಡುತ್ತದೆ. ಅದರಲ್ಲೂ ಮುಟ್ಟು ನಿಂತ ಹೆಣ್ಣುಮಕ್ಕಳಲ್ಲಿ ಮೂಳೆಯ ಸಾಂದ್ರತೆ ಬೇಗ ಇಳಿಯುತ್ತದೆ. ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ ವ್ಯಾಯಾಮ, ಗುಡ್ಡದ ನಡಿಗೆ ಸೇರಿಸಿಕೊಳ್ಳಿ. ಬೀಳುವ ಆಟವಿದು, ಬಿದ್ದಾಗ ತಡೆದುಕೊಳ್ಳುವ ಮೂಳೆ ಬೇಕು.

ವೈದ್ಯರ ಬಳಿ ಕೇಳಬೇಕಾದದ್ದು

ಹೊಸದಾಗಿ ಶುರುಮಾಡುವ ಮುನ್ನ ರಕ್ತದೊತ್ತಡ, ಸಕ್ಕರೆ, ಇಸಿಜಿ ನೋಡಿಸಿಕೊಳ್ಳಿ. ಕುಟುಂಬದಲ್ಲಿ ಹೃದಯದ ಕಾಯಿಲೆ ಇದ್ದರೆ ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನೇ ಕೇಳಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ, ಕೆಲವು ಮಾತ್ರೆಗಳಿಗೂ ಸೈಕಲ್ಲಿಗೂ ನೇರ ಸಂಬಂಧವಿದೆ.

ಬೀಟಾ ಬ್ಲಾಕರ್ ಎಂಬ ರಕ್ತದೊತ್ತಡದ ಮಾತ್ರೆ ಎದೆಬಡಿತವನ್ನೇ ತಗ್ಗಿಸುತ್ತದೆ. ಕೈಗಡಿಯಾರದಲ್ಲಿ ಬಡಿತ ಕಡಿಮೆ ಕಂಡಿತೆಂದು ಇನ್ನಷ್ಟು ಜೋರಾಗಿ ತುಳಿದರೆ ಅಪಾಯ. 220ರಿಂದ ವಯಸ್ಸನ್ನು ಕಳೆಯುವ ಹಳೆಯ ಸೂತ್ರವೂ ಎಲ್ಲರಿಗೂ ಹೊಂದುವುದಿಲ್ಲ. 2001ರಲ್ಲಿ ಬಂದ ಇನ್ನೊಂದು ಸೂತ್ರ, ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ ಎನ್ನುತ್ತದೆ. ಅರವತ್ತರವರಿಗೆ ಮೊದಲನೆಯದು 160 ಕೊಟ್ಟರೆ ಎರಡನೆಯದು 166. ಇವೆರಡಕ್ಕಿಂತ ಸರಳವಾದ ಅಳತೆ ಮಾತು. ತುಳಿಯುತ್ತ ಜೊತೆಯವರೊಂದಿಗೆ ಒಂದು ಪೂರ್ತಿ ವಾಕ್ಯ ಮಾತಾಡಲು ಸಾಧ್ಯವಾದರೆ ಹದ ಸರಿಯಿದೆ. ಎರಡು ಮಾತಿಗೆ ಉಸಿರು ಕಟ್ಟಿದರೆ ಗೇರು ಇಳಿಸಿ.

ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಪೆಟ್ಟಾದರೆ, ನೋವಿಲ್ಲದಿದ್ದರೂ, ಅಂದೇ ಆಸ್ಪತ್ರೆಗೆ ಹೋಗಬೇಕು. ಒಳಗಿನ ರಕ್ತಸ್ರಾವ ಹೊರಗೆ ಕಾಣುವುದಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇರಲೇಬೇಕು. ಎದೆಯಲ್ಲಿ ಬಿಗಿತ, ದವಡೆಗೋ ಎಡತೋಳಿಗೋ ಹರಡುವ ನೋವು, ತಣ್ಣನೆ ಬೆವರು, ಕಣ್ಣು ಕತ್ತಲಿಡುವುದು: ಇವುಗಳಲ್ಲಿ ಒಂದು ಕಂಡರೂ ಸೈಕಲ್ ಅಲ್ಲೇ ಬಿಟ್ಟು ಕೂತು 108ಕ್ಕೆ ಕರೆ ಮಾಡಿಸಿ. ಗ್ಯಾಸ್ ಇರಬಹುದು ಎಂದು ಮನೆತನಕ ತುಳಿಯಬೇಡಿ. ತೋಟದ ಒಳದಾರಿಗಳಲ್ಲಿ ಎಷ್ಟೋ ಕಡೆ ಫೋನ್ ಸಿಗ್ನಲ್ ಇರುವುದಿಲ್ಲ, ಅದಕ್ಕೇ ಒಬ್ಬರೇ ಹೋಗಬಾರದು, ಯಾವ ದಾರಿ ಎಂದು ಮನೆಯಲ್ಲಿ ಹೇಳಿಯೇ ಹೊರಡಬೇಕು.

ಬ್ಯಾಟರಿ ಸೈಕಲ್ ಮೋಸವೇ?

ಅಲ್ಲ. ಪೆಡಲ್ ಅಸಿಸ್ಟ್ ಇ-ಸೈಕಲ್ಲಿನಲ್ಲಿ ನಾವು ತುಳಿದಾಗ ಮಾತ್ರ ಮೋಟಾರು ಕೈಜೋಡಿಸುತ್ತದೆ. ಏರಿನಲ್ಲಿ ಬೆನ್ನಿಗೊಂದು ಕೈ ಇಟ್ಟು ತಳ್ಳಿದ ಹಾಗೆ. ದುಡಿತ ನಮ್ಮದು ಇದ್ದೇ ಇರುತ್ತದೆ. ಗಂಡ ಹೆಂಡತಿಯೋ ಇಬ್ಬರು ಗೆಳೆಯರೋ ಬೇರೆ ಬೇರೆ ತ್ರಾಣದವರಾಗಿದ್ದಾಗ ಜೊತೆಯಾಗಿ ಹೋಗಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಭಾರತದಲ್ಲಿ ಮೋಟಾರಿನ ಶಕ್ತಿ 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ಅದನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ, ನೋಂದಣಿ ಬೇಕಿಲ್ಲ. ತೊಡಕು ಅದರ ತೂಕದ್ದು. ಇಪ್ಪತ್ತು ಕಿಲೋ ಮೀರುವ ಸೈಕಲ್ಲನ್ನು ದಾರಿಗಡ್ಡ ಬಿದ್ದ ಮರದ ಮೇಲಿಂದ ದಾಟಿಸುವುದು ಒಬ್ಬರ ಕೆಲಸವಲ್ಲ.

ನಮ್ಮ ದಾರಿಗಳು, ನಮ್ಮ ಮಳೆ, ನಮ್ಮ ಆನೆ

ತೋಟದ ರಸ್ತೆ ಯಾರದೋ ಆಸ್ತಿ. ಮೊದಲೇ ಹೋಗಿ ಕೇಳಿದರೆ ಬೇಡವೆನ್ನುವವರು ಕಡಿಮೆ. ಗೇಟು ಇದ್ದ ಹಾಗೇ ಮುಚ್ಚುವುದು, ಕೊಯ್ಲಿನ ಕಾಲದಲ್ಲಿ ಕೆಲಸದವರಿಗೆ ದಾರಿ ಬಿಡುವುದು, ಕಣದ ಮೇಲೆ ಹಾಯದಿರುವುದು ಇಷ್ಟೇ ಬೇಕಾದ ಮರ್ಯಾದೆ. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳ ಒಳಗೆ ಅನುಮತಿಯಿಲ್ಲದೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಆನೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ತೋಟಗಳಲ್ಲಿ ಅವು ಹಗಲೂ ನಿಂತಿರುವುದುಂಟು. ಏಷ್ಯಾದ ಆನೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಧಾವಿಸಿದ್ದನ್ನು ಅಳೆದಿದ್ದಾರೆ, ಏರಿನಲ್ಲಿ ನಮ್ಮ ವೇಗ ಐದಾರು. ಸೈಕಲ್ಲಿಗೆ ಸದ್ದಿಲ್ಲ, ಅದಕ್ಕೇ ತಿರುವಿನಲ್ಲಿ ಎದುರಾದರೆ ಇಬ್ಬರಿಗೂ ಗಾಬರಿ. ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಐದರ ನಂತರ ಒಳದಾರಿ ಬೇಡ. ಹೊರಡುವ ಮೊದಲು ಊರಿನ ವಾಟ್ಸ್ಆ್ಯಪ್ ಗುಂಪು ನೋಡಿ, ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರಿಗೆ ಒಂದು ಫೋನ್ ಮಾಡಿ. ಹಲಸು ಹಣ್ಣಾಗುವ ಕಾಲದಲ್ಲಿ ಎಚ್ಚರಿಕೆ ಇಮ್ಮಡಿ. ಬಿಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ ಕಂಡರೆ ಅಲ್ಲಿಂದಲೇ ಹಿಂದಿರುಗುವುದು. ಮಾತಾಡಿಕೊಂಡು, ಗಂಟೆ ಬಾರಿಸಿಕೊಂಡು ಹೋಗಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಣ್ಣಿನ ದಾರಿಗೆ ರಜೆ ಕೊಡುವುದು ಮೇಲು. ಕೆಂಪು ಮಣ್ಣು ಸಾಬೂನಿನಂತಾಗಿರುತ್ತದೆ, ಕಲ್ಲಿನ ಮೇಲೆ ಹಾವಸೆ, ಮಂಜಿನಲ್ಲಿ ಹತ್ತು ಮಾರು ಕಾಣುವುದಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದ್ದು ಯಾರಿಗೂ ಮರೆತಿಲ್ಲ. ಬರೆ (ದಾರಿ ಬದಿಯ ಕಡಿದಾದ ಮಣ್ಣಿನ ದಿಬ್ಬ) ಸಡಿಲವಾದ ದಾರಿಗೆ ಮಳೆಗಾಲದಲ್ಲಿ ಕಾಲಿಡಬಾರದು. ಜಿಗಣೆ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಬಿಡುತ್ತದೆ, ರಕ್ತ ತೆಳುವಿನ ಮಾತ್ರೆಯವರಿಗೆ ಆ ಸಣ್ಣ ಗಾಯವೂ ಬಹಳ ಹೊತ್ತು ಸೋರುತ್ತದೆ. ಆ ನಾಲ್ಕು ತಿಂಗಳು ಕುರ್ಚಿಯ ವ್ಯಾಯಾಮ, ಭಾರ ಎತ್ತುವುದು, ಬಿಟ್ಟ ಹೊತ್ತಿನಲ್ಲಿ ಡಾಂಬರು ರಸ್ತೆ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದ ಮೇಲೆ ದಾರಿ ಗಟ್ಟಿಯಾಗತೊಡಗುತ್ತದೆ. ಅಲ್ಲಿಂದ ಮಾರ್ಚ್ ತನಕ ನಮ್ಮ ಕಾಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಎರಡನೇ ವಾರ, ತೋಟವೆಲ್ಲ ಬಿಳಿಯಾಗಿ ಆ ಪರಿಮಳ ತುಂಬಿರುವಾಗ ನಿಧಾನ ಗೇರಿನಲ್ಲಿ ಒಂದು ಸುತ್ತು ಹೋಗುವುದಕ್ಕಾಗಿ ನಾನು ವರ್ಷವಿಡೀ ಕಾಯುತ್ತೇನೆ.

ಮೊದಲ ತಿಂಗಳು

ಮೊದಲ ವಾರ ಗದ್ದೆ ಬದಿಯ ಸಮತಟ್ಟು ರಸ್ತೆಯಲ್ಲಿ ಅರ್ಧ ಗಂಟೆಯಂತೆ ಮೂರು ದಿನ. ಗೇರು ಬದಲಿಸುವುದು, ಎರಡೂ ಬ್ರೇಕನ್ನು ಒಂದೊಂದೇ ಬೆರಳಿನಿಂದ ಹದವಾಗಿ ಹಿಡಿಯುವುದು ಕೈಗೆ ಬರಲಿ. ಎರಡನೇ ವಾರ ಪೆಡಲ್ ಮೇಲೆ ನಿಂತು ಸಣ್ಣ ಇಳಿಜಾರು. ಮೂರನೇ ವಾರ ಮನೆಗೆ ಹತ್ತಿರದ ಒಂದು ಏರು ಆರಿಸಿಕೊಳ್ಳಿ, ದಮ್ಮು ಬಂದಲ್ಲಿ ನಿಲ್ಲಿ, ಎಷ್ಟು ಕಡೆ ನಿಂತಿರಿ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ನಾಲ್ಕನೇ ವಾರ ಎರಡು ದಿನ ಬಿಡುವು ಕೊಟ್ಟು ಅದೇ ಏರಿಗೆ ಹೋಗಿ, ಹಾಗೆಯೇ ಎಣಿಸಿ. ನಾನು ಶುರುಮಾಡಿದ ವರ್ಷದ ಕ್ಯಾಲೆಂಡರ್ ಇನ್ನೂ ಅಡುಗೆಮನೆಯ ಬಾಗಿಲ ಹಿಂದೆ ನೇತಾಡುತ್ತಿದೆ: ನವೆಂಬರ್ ಮೂರನೇ ಭಾನುವಾರ 7, ನಾಲ್ಕನೇ ಭಾನುವಾರ 5, ಸುಗ್ಗಿಹಬ್ಬ ಪುತ್ತರಿ ಕಳೆದ ಮೇಲೆ 2.